ಹಿಮದಲ್ಲಿ ಪ್ಲಗ್-ಇನ್ ಹೈಬ್ರಿಡ್ ಕಾರು ಓಡಿಸುವುದು ಹೇಗೆ? ಚಳಿ ಶುರುವಾಗುವ ಮೊದಲೇ ಓದಿಟ್ಟುಕೊಳ್ಳಿ

ಚಳಿ ಶುರುವಾಯಿತು ಅಂದರೆ ಪ್ಲಗ್-ಇನ್ ಹೈಬ್ರಿಡ್ ಇಟ್ಟುಕೊಂಡವರಿಂದ ಅದೇ ಮೂರು ಪ್ರಶ್ನೆಗಳು ಬರುತ್ತವೆ. ಬ್ಯಾಟರಿ ಫುಲ್ ಇದ್ದರೂ ಎಂಜಿನ್ ಯಾಕೆ ಶುರುವಾಗುತ್ತದೆ? ಬೇಸಿಗೆಯಲ್ಲಿ 60 ಕಿಲೋಮೀಟರ್ ಕೊಡುತ್ತಿದ್ದ ಬ್ಯಾಟರಿ ಈಗ 40ಕ್ಕೇ ಮುಗಿಯುತ್ತಿದೆ, ಕೆಟ್ಟುಹೋಗಿದೆಯಾ? ಹಿಮ ಬಿದ್ದ ರಸ್ತೆಯಲ್ಲಿ ಯಾವ ಮೋಡ್ ಹಾಕಬೇಕು? ಪ್ರತಿಯೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದುಬಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಬಹುತೇಕ ನಿಮ್ಮ ಬ್ಯಾಟರಿ ಕೆಟ್ಟಿಲ್ಲ. ಎರಡು ವಿಷಯ ಗೊತ್ತಾದರೆ ಮುಕ್ಕಾಲು ಗೊಂದಲ ಹೋಗುತ್ತದೆ. ನಿಮ್ಮ ಕಾರಿಗೆ ಬಿಸಿ ಎಲ್ಲಿಂದ ಬರುತ್ತದೆ ಅನ್ನುವುದು ಒಂದು. ಯಾವ ಮೋಡ್‌ನಲ್ಲಿ ಯಾವ ಚಕ್ರಗಳಿಗೆ ಶಕ್ತಿ ಹೋಗುತ್ತದೆ ಅನ್ನುವುದು ಇನ್ನೊಂದು. ಎರಡೂ ಕಾರಿಂದ ಕಾರಿಗೆ ಬೇರೆ. ಅದಕ್ಕೇ ಗೆಳೆಯರ ಕಾರಿಗೆ ಸರಿಹೋದ ಸಲಹೆ ನಿಮ್ಮ ಕಾರಿಗೆ ಹೊಂದದೇ ಇರಬಹುದು.

ಈಗಷ್ಟೇ ಕಾರು ಕೊಂಡವರಿಗೆ ಒಂದು ಮಾತು. ಪ್ಲಗ್-ಇನ್ ಹೈಬ್ರಿಡ್ ಅಂದರೆ ಎಂಜಿನ್ನೂ ಇರುವ, ಗೋಡೆಯ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡಬಹುದಾದ ದೊಡ್ಡ ಬ್ಯಾಟರಿಯೂ ಇರುವ ಕಾರು. ಲಿಥಿಯಂ-ಅಯಾನ್ ಬ್ಯಾಟರಿ ತಣ್ಣಗಾದಾಗ ಅದರ ಒಳಗಿನ ವಿದ್ಯುತ್ ತಡೆ ಹೆಚ್ಚುತ್ತದೆ. ಹಾಗಾಗಿ ಬೇಸಿಗೆಯಷ್ಟು ಜೋರಾಗಿ ಶಕ್ತಿ ಕೊಡಲೂ ಆಗುವುದಿಲ್ಲ, ತೆಗೆದುಕೊಳ್ಳಲೂ ಆಗುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ವೇಗವಾಗಿ ಚಾರ್ಜ್ ಮಾಡಿದರೆ ಬ್ಯಾಟರಿಗೆ ಶಾಶ್ವತ ಹಾನಿಯಾಗಬಹುದು. ಆದ್ದರಿಂದ ಕಾರಿನ ಕಂಪ್ಯೂಟರೇ ಅದನ್ನು ತಡೆಯುತ್ತದೆ. ನಿಮಗೆ ಕಾಣುವ ವಿಚಿತ್ರ ನಡವಳಿಕೆಯಲ್ಲಿ ಅರ್ಧ ಇದರಿಂದಲೇ ಬರುವುದು.

ಏನೇನು ಬೇಕು? ಒಳ್ಳೆಯ ಚಳಿಗಾಲದ ಟೈರ್ ನಾಲ್ಕು, ಟೈರ್ ಗಾಳಿ ನೋಡುವ ಗೇಜ್, ಉದ್ದ ಹಿಡಿಯ ಬ್ರಷ್, ಐಸ್ ಕೆರೆಯುವ ಸ್ಕ್ರೇಪರ್, ಸಣ್ಣ ಸಲಿಕೆ, ಒಂದು ಚೀಲ ಮರಳು, ಕಂಬಳಿ, ಟಾರ್ಚ್, ಕೈಯಲ್ಲಿ ಹಿಡಿಯುವಂಥ ಜಂಪ್ ಸ್ಟಾರ್ಟರ್, ಅಂದರೆ ಸತ್ತ ಬ್ಯಾಟರಿಗೆ ಶಕ್ತಿ ಕೊಟ್ಟು ಕಾರನ್ನು ಎಬ್ಬಿಸುವ ಸಾಧನ. ಇದೆಲ್ಲದರ ಜೊತೆಗೆ ಕಾರಿನ ಓನರ್ಸ್ ಮ್ಯಾನುಯಲ್. ದಯವಿಟ್ಟು ಅದರ ಚಳಿಗಾಲದ ಅಧ್ಯಾಯವನ್ನು ಒಮ್ಮೆ ಓದಿ.

1. ಬಿಸಿ ಎಲ್ಲಿಂದ ಬರುತ್ತದೆ, ಕಂಡುಹಿಡಿಯಿರಿ

ಮಾಮೂಲಿ ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಹೇಗೂ ಬಿಸಿಯಾಗುತ್ತದೆ, ಆ ಬಿಸಿಯನ್ನೇ ಒಳಗೆ ಊದುತ್ತಾರೆ. ಬ್ಯಾಟರಿಯಲ್ಲಿ ಓಡುವಾಗ ಆ ಬಿಸಿ ಇರುವುದಿಲ್ಲ. ಆಗ ಮೂರು ದಾರಿಗಳಿವೆ.

ಕೆಲವು ಕಾರುಗಳಲ್ಲಿ ವಿದ್ಯುತ್ ಹೀಟರೇ ಇಲ್ಲ. ಹೀಟರ್ ಬೇಕು ಅಂದರೆ ಎಂಜಿನ್ ಶುರುವಾಗಲೇಬೇಕು. ಕ್ರೈಸ್ಲರ್ ಪೆಸಿಫಿಕಾ ಹೈಬ್ರಿಡ್ ಇಂಥದ್ದು. ಇನ್ನು ಕೆಲವದರಲ್ಲಿ ವಿದ್ಯುತ್ತಿನಿಂದಲೇ ಕಾಯುವ ಹೀಟರ್ ಇರುತ್ತದೆ, ನೀರು ಕಾಯಿಸುವ ಕಾಯಿಲ್‌ನ ಹಾಗೆ. ಮೂರನೆಯದು ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯಲ್ಲಿರುವ ಅಲ್ಪಸ್ವಲ್ಪ ಶಾಖವನ್ನೇ ಎಳೆದು ಒಳಗೆ ತರುವ ಯಂತ್ರ, ಒಂದು ರೀತಿ ತಿರುಗಾಮುರುಗಾ ಕೆಲಸ ಮಾಡುವ ಎಸಿ. ಇದು ಕಡಿಮೆ ವಿದ್ಯುತ್ ತಿನ್ನುತ್ತದೆ, ಆದರೆ ಚಳಿ ತೀರಾ ಜಾಸ್ತಿಯಾದರೆ ಸೋಲುತ್ತದೆ. ಟೊಯೊಟಾ ಪ್ರಿಯಸ್ ಪ್ರೈಮ್‌ನಲ್ಲಿ ಹೀಟ್ ಪಂಪ್ ಇದೆ, ಆದರೆ ಸುಮಾರು ಮೈನಸ್ 10 ಡಿಗ್ರಿಗಿಂತ ಕೆಳಗೆ ಹೋದಾಗ ಅದರಲ್ಲೂ ಎಂಜಿನ್ ಶುರುವಾಗಬಹುದು.

ನಿಮ್ಮದು ಯಾವುದು ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಬ್ಯಾಟರಿ ಫುಲ್ ಇರುವಾಗ, ಕಾರು ಬಯಲಿನಲ್ಲಿ ನಿಂತಿರುವಾಗ, ಎಲೆಕ್ಟ್ರಿಕ್ ಮೋಡ್‌ನಲ್ಲಿ ಹೀಟರ್ ಹಾಕಿ ನೋಡಿ. ಎಂಜಿನ್ ಬಂತಾ? ಬರದಿದ್ದರೆ ಮುಂಗಾಜಿನ ಡಿಫ್ರಾಸ್ಟ್ ಬಟನ್ ಒತ್ತಿ, ಅಂದರೆ ಗಾಜಿನ ಮಂಜು ಕರಗಿಸುವ ಬಟನ್. ಬರೀ ಹೀಟರ್‌ಗೆ ಏಳದ ಎಂಜಿನ್ ಕೆಲವು ಕಾರುಗಳಲ್ಲಿ ಈ ಬಟನ್‌ಗೆ ಏಳುತ್ತದೆ. ಎಂಜಿನ್ ಯಾಕೆ ಬಂತು ಎಂದು ತಲೆಕೆಡಿಸಿಕೊಂಡವರಲ್ಲಿ ಎಷ್ಟೋ ಜನರ ಕಾರಣ ಈ ಬಟನ್ನೇ.

ಈಗ ಒಂದು ಸಣ್ಣ ಲೆಕ್ಕ. ವಿದ್ಯುತ್ ಹೀಟರ್ ಶುರುವಿನಲ್ಲಿ 5 ಕಿಲೋವ್ಯಾಟ್‌ವರೆಗೂ ಎಳೆಯಬಲ್ಲದು. ಟ್ರಾಫಿಕ್ಕಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಕಾರನ್ನು ಮುಂದೆ ತಳ್ಳಲು ಬೇಕಾಗುವುದೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಮೊದಲ ಹತ್ತು ಹದಿನೈದು ನಿಮಿಷ ಹೀಟರೂ ಮೋಟರೂ ಸಮಸಮವಾಗಿ ಬ್ಯಾಟರಿ ತಿನ್ನುತ್ತಿರುತ್ತವೆ. ಅದಕ್ಕೇ ಚಳಿಗಾಲದಲ್ಲಿ ಚಿಕ್ಕ ಚಿಕ್ಕ ಓಡಾಟವೇ ಬ್ಯಾಟರಿಗೆ ಜಾಸ್ತಿ ದುಬಾರಿ. ಪ್ರತಿ ಸಲವೂ ತಣ್ಣನೆಯ ಕಾರನ್ನು ಮೊದಲಿಂದ ಬಿಸಿ ಮಾಡಬೇಕಲ್ವಾ?

ಸೀಟ್ ಹೀಟರ್ ಒಂದಕ್ಕೆ ಬೇಕಾಗುವುದು 50ರಿಂದ 100 ವ್ಯಾಟ್ ಮಾತ್ರ. ಸೀಟು ಮತ್ತು ಸ್ಟೀರಿಂಗ್ ಬಿಸಿ ಹಾಕಿಕೊಂಡು ಒಳಗಿನ ತಾಪಮಾನವನ್ನು ಎರಡು ಮೂರು ಡಿಗ್ರಿ ಇಳಿಸಿದರೆ ಕಿಲೋಮೀಟರ್ ಉಳಿಯುತ್ತದೆ. ಆದರೆ ಬ್ಯಾಟರಿ ಉಳಿಸುವ ಹಟದಲ್ಲಿ ಗಾಜಿಗೆ ಮಂಜು ಕವಿಯಲು ಬಿಡಬೇಡಿ. ರಸ್ತೆ ಕಾಣಿಸದಿದ್ದರೆ ಎಂಜಿನ್ ಬಂದರೂ ಪರವಾಗಿಲ್ಲ, ಡಿಫ್ರಾಸ್ಟ್ ಹಾಕಿ.

2. ಯಾವ ಚಕ್ರ ತಿರುಗುತ್ತಿದೆ?

ಇದನ್ನು ಕೇಳುವವರೇ ಕಡಿಮೆ. ನನ್ನ ಪ್ರಕಾರ ಹಿಮದಲ್ಲಿ ಓಡಿಸುವವರಿಗೆ ಟೈರ್ ಬಿಟ್ಟರೆ ಇದೇ ಮುಖ್ಯ.

ಕಾರಿನ ಹಿಂಭಾಗದಲ್ಲಿ "ಆಲ್ ವೀಲ್ ಡ್ರೈವ್" ಅಂತ ಬರೆದಿದ್ದ ಮಾತ್ರಕ್ಕೆ ಎಲ್ಲ ಮೋಡ್‌ನಲ್ಲೂ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತದೆ ಎಂದುಕೊಳ್ಳಬೇಡಿ. ವೋಲ್ವೋದ ಎಕ್ಸ್‌ಸಿ60 ಮತ್ತು ಎಕ್ಸ್‌ಸಿ90 ಪ್ಲಗ್-ಇನ್ ಕಾರುಗಳಲ್ಲಿ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ, ವಿದ್ಯುತ್ ಮೋಟರ್ ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಪೂರ್ತಿ ಎಲೆಕ್ಟ್ರಿಕ್ ಮೋಡ್ ಹಾಕಿದರೆ ಅದು ಬರೀ ಹಿಂಬದಿ ಚಕ್ರದ ಕಾರು. ಒಣ ರಸ್ತೆಯಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಹಿಮ ಗಟ್ಟಿಯಾಗಿ ಕೂತ ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಜಾರಿದಾಗ ಗೊತ್ತಾಗುತ್ತದೆ. ಮಿತ್ಸುಬಿಷಿ ಔಟ್‌ಲ್ಯಾಂಡರ್ ಪ್ಲಗ್-ಇನ್ ಮತ್ತು ಟೊಯೊಟಾ ರಾವ್4 ಪ್ರೈಮ್ ಬೇರೆ ಥರ. ಅವುಗಳಲ್ಲಿ ಮುಂದೊಂದು, ಹಿಂದೊಂದು ಮೋಟರ್ ಇರುವುದರಿಂದ ಎಂಜಿನ್ ಇಲ್ಲದೆಯೂ ನಾಲ್ಕು ಚಕ್ರ ಎಳೆಯುತ್ತವೆ. ಪ್ರಿಯಸ್ ಪ್ರೈಮ್ ಯಾವ ಮೋಡ್‌ನಲ್ಲೂ ಮುಂದಿನ ಚಕ್ರದ ಕಾರೇ.

ಮ್ಯಾನುಯಲ್ ತೆಗೆದು ನಿಮ್ಮದನ್ನು ನೋಡಿಕೊಳ್ಳಿ. ಎಂಜಿನ್ ಮುಂದೆ, ಮೋಟರ್ ಹಿಂದೆ ಇರುವ ಕಾರಾದರೆ ಹಿಮದ ದಿನ ಎಲೆಕ್ಟ್ರಿಕ್ ಮೋಡ್ ಆಸೆ ಬಿಟ್ಟುಬಿಡಿ, ಸ್ನೋ ಮೋಡ್ ಅಥವಾ ಸದಾ ನಾಲ್ಕು ಚಕ್ರ ಓಡಿಸುವ ಮೋಡ್ ಹಾಕಿ. ಸ್ವಲ್ಪ ಪೆಟ್ರೋಲ್ ಹೋಗುತ್ತದೆ, ಹೋಗಲಿ. ಇನ್ನೊಂದು ಮಾತು: ಈ ಮೋಡ್‌ಗೂ ಬ್ಯಾಟರಿಯಲ್ಲಿ ಸ್ವಲ್ಪ ಚಾರ್ಜ್ ಇರಬೇಕು, ಯಾಕೆಂದರೆ ಹಿಂದಿನ ಮೋಟರ್‌ಗೆ ಶಕ್ತಿ ಬರುವುದು ಅಲ್ಲಿಂದಲೇ. ಆದ್ದರಿಂದ ಗುಡ್ಡದ ರಸ್ತೆ ಬರುವ ಮುಂಚೆಯೇ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಬಿಡಬೇಡಿ.

3. ಟೈರ್

ನಾಲ್ಕು ಚಕ್ರದ ಎಳೆತ ನಿಮ್ಮನ್ನು ಹೊರಡಿಸುತ್ತದೆ. ನಿಲ್ಲಿಸುವುದು ಟೈರ್. ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರ್ ಮೆತ್ತಗೇ ಇರುತ್ತದೆ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು, ಈ ಚಿಹ್ನೆ ಇದ್ದರೆ ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರ್ ಎಂದರ್ಥ. ಬರೀ "ಎಂ+ಎಸ್" (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಕ್ಷರ ಇದ್ದರೆ ಅಷ್ಟು ನಂಬಬೇಡಿ.

ಎರಡು ಟೈರ್ ಮಾತ್ರ ಹಾಕಿಸಿ ದುಡ್ಡು ಉಳಿಸುವ ಯೋಚನೆ ಬೇಡ. ಮುಂದೆ ಹಿಡಿತ, ಹಿಂದೆ ಜಾರಿಕೆ ಆದರೆ ಕಾರು ಗಿರಕಿ ಹೊಡೆಯುತ್ತದೆ. ಪ್ಲಗ್-ಇನ್ ಹೈಬ್ರಿಡ್ ಅದೇ ಮಾಡೆಲಿನ ಪೆಟ್ರೋಲ್ ಕಾರಿಗಿಂತ ಭಾರ, ಹಾಗಾಗಿ ಟೈರ್ ಕೊಳ್ಳುವಾಗ ಲೋಡ್ ಇಂಡೆಕ್ಸ್, ಅಂದರೆ ಟೈರ್ ಎಷ್ಟು ತೂಕ ಹೊರಬಲ್ಲದು ಎಂಬ ಸಂಖ್ಯೆ, ನಿಮ್ಮ ಕಾರಿಗೆ ಹೇಳಿದ್ದಕ್ಕಿಂತ ಕಡಿಮೆ ಇರದಂತೆ ನೋಡಿ. ಅಳತೆ ಒಂದೇ ಇದೆ ಎಂದು ಪೆಟ್ರೋಲ್ ಮಾಡೆಲಿನ ಟೈರ್ ತಂದು ಹಾಕುವವರು ತಪ್ಪುವುದು ಇಲ್ಲೇ.

ಗಾಳಿಯನ್ನೂ ನೋಡಿ. ತಾಪಮಾನ 10 ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 1.5ರಿಂದ 2 ಪಿಎಸ್‌ಐ ಇಳಿಯುತ್ತದೆ. ಕಾರು ತಣ್ಣಗಿರುವಾಗಲೇ ಅಳೆಯಬೇಕು.

ಕೆಲವು ಕಡೆ ಇದು ಕಾನೂನು ಕೂಡ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಸ್ವೀಡನ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ, ರಸ್ತೆಯಲ್ಲಿ ಹಿಮ ಅಥವಾ ಐಸ್ ಇದ್ದಾಗ ಕಡ್ಡಾಯ. ಹಿಮದಲ್ಲಿ ಹಿಡಿತಕ್ಕಾಗಿ ಟೈರಿಗೆ ಚೈನ್ ಸುತ್ತುವ ಕಡೆ ಹೋಗುವುದಾದರೆ ಯಾವ ಚಕ್ರಕ್ಕೆ ಹಾಕಬೇಕು ಎಂದು ಮ್ಯಾನುಯಲ್ ಹೇಳುತ್ತದೆ, ಊಹೆ ಮಾಡಬೇಡಿ.

4. ಹೊರಡುವ ಮುಂಚೆ: ಪ್ಲಗ್ಗಿನಲ್ಲಿ ಇರುವಾಗಲೇ ಬಿಸಿ ಮಾಡಿ

ಇಡೀ ಚಳಿಗಾಲದಲ್ಲಿ ಒಂದೇ ಒಂದು ಅಭ್ಯಾಸ ಮಾಡಿಕೊಳ್ಳುತ್ತೇನೆ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಪ್ರೀಕಂಡಿಷನಿಂಗ್ ಅಂತಾರೆ. ಕಾರು ಇನ್ನೂ ಪ್ಲಗ್ಗಿನಲ್ಲಿ ಇರುವಾಗಲೇ ಒಳಭಾಗವನ್ನು ಬಿಸಿ ಮಾಡಿಕೊಳ್ಳುವುದು. ಆಗ ಆ 5 ಕಿಲೋವ್ಯಾಟ್ ಬರುವುದು ಗೋಡೆಯಿಂದ, ನಿಮ್ಮ ಬ್ಯಾಟರಿಯಿಂದಲ್ಲ. ಆ್ಯಪ್‌ನಲ್ಲೋ ಕಾರಿನ ಪರದೆಯಲ್ಲೋ ಹೊರಡುವ ಸಮಯ ಹಾಕಿಟ್ಟರೆ ಕಾರೇ ನೋಡಿಕೊಳ್ಳುತ್ತದೆ.

ಚಾರ್ಜ್ ಮುಗಿಯುವ ಸಮಯವನ್ನೂ ಹೊರಡುವ ಸಮಯಕ್ಕೆ ಹತ್ತಿರ ಇಟ್ಟುಕೊಳ್ಳಿ. ಚಾರ್ಜ್ ಆಗುವಾಗ ಬ್ಯಾಟರಿ ಕೊಂಚ ಬೆಚ್ಚಗಾಗುತ್ತದೆ. ರಾತ್ರಿ ಹನ್ನೊಂದಕ್ಕೇ ಚಾರ್ಜ್ ಮುಗಿದರೆ ಬೆಳಿಗ್ಗೆ ಏಳಕ್ಕೆ ಅದು ಪುನಃ ತಣ್ಣಗಾಗಿರುತ್ತದೆ. ಕೆಲವು ಕಾರುಗಳಲ್ಲಿ ಬ್ಯಾಟರಿ ಬೆಚ್ಚಗಿಡುವ ಹೀಟರ್ ಬೇರೆಯೇ ಇರುತ್ತದೆ, ಅದು ಪ್ಲಗ್ ಹಾಕಿದ್ದರೆ ಮಾತ್ರ ಕೆಲಸ ಮಾಡುವುದೂ ಉಂಟು. ಹಾಗಾಗಿ ಚಾರ್ಜ್ ಫುಲ್ ಆಗಿದ್ದರೂ ತೀರಾ ಚಳಿಯ ರಾತ್ರಿ ಪ್ಲಗ್ ತೆಗೆಯಬೇಡಿ.

ಮಾಮೂಲಿ ಗೋಡೆ ಸಾಕೆಟ್‌ನಲ್ಲಿ ಚಾರ್ಜ್ ಮಾಡುವವರು ಒಂದು ವಿಷಯ ತಿಳಿದಿರಬೇಕು. 230 ವೋಲ್ಟ್, 10 ಆಂಪಿಯರ್ ಸಾಕೆಟ್ ಕೊಡುವುದು 2.3 ಕಿಲೋವ್ಯಾಟ್. 120 ವೋಲ್ಟ್, 12 ಆಂಪಿಯರ್ ಆದರೆ 1.4ರಷ್ಟು ಮಾತ್ರ. ಹೀಟರ್ ಕೇಳುವುದು ಇದಕ್ಕಿಂತ ಜಾಸ್ತಿ, ಉಳಿದದ್ದನ್ನು ಬ್ಯಾಟರಿಯಿಂದ ತೆಗೆದುಕೊಳ್ಳುತ್ತದೆ. ಬೆಳಿಗ್ಗೆ ಚಾರ್ಜ್ 100ರಿಂದ 94ಕ್ಕೆ ಇಳಿದಿದ್ದರೆ ಗಾಬರಿ ಬೇಡ. ಹೊರಡುವುದಕ್ಕೆ ಇನ್ನೊಂದಿಷ್ಟು ಮುಂಚೆಯೇ ಬಿಸಿ ಶುರುಮಾಡಿದರೆ ಆ ಕೊರತೆಯೂ ಸ್ವಲ್ಪ ತುಂಬುತ್ತದೆ. ತೆಳ್ಳನೆಯ ಎಕ್ಸ್‌ಟೆನ್ಷನ್ ವೈರ್ ಹಾಕಿ ಚಾರ್ಜ್ ಮಾಡಲೇಬೇಡಿ, ಗಂಟೆಗಟ್ಟಲೆ ಅಷ್ಟು ವಿದ್ಯುತ್ ಹರಿದರೆ ಅದು ಕಾದು ಬೆಂಕಿ ಹತ್ತಬಹುದು.

ಎಚ್ಚರಿಕೆ, ಇದು ಪ್ರಾಣದ ವಿಷಯ: ಬಿಸಿಗಾಗಿ ಎಂಜಿನ್ ಶುರುಮಾಡುವ ಕಾರನ್ನು ಮುಚ್ಚಿದ ಗ್ಯಾರೇಜಿನಲ್ಲಿ ದೂರದಿಂದ ಆನ್ ಮಾಡಬೇಡಿ. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜಾದರೆ ಅದು ಮನೆಯೊಳಗೂ ನುಗ್ಗುತ್ತದೆ. ಎಲೆಕ್ಟ್ರಿಕ್ ಮೋಡ್‌ನಲ್ಲಿ ಇದೆಯಲ್ಲ ಅಂತ ಕಾರನ್ನು ಆನ್ ಇಟ್ಟು ಹೋಗುವುದೂ ಅಷ್ಟೇ ಅಪಾಯ. ನೀವು ಇಲ್ಲದಾಗ ಎಂಜಿನ್ ತಾನಾಗೇ ಏಳಬಹುದು.

ಚಾರ್ಜಿಂಗ್ ಪ್ಲಗ್ ಐಸ್‌ಗೆ ಕಚ್ಚಿಕೊಂಡರೆ ಎಳೆದಾಡಬೇಡಿ, ಬಿಸಿನೀರನ್ನೂ ಸುರಿಯಬೇಡಿ. ಆ ನೀರು ಮತ್ತೆ ಹೆಪ್ಪುಗಟ್ಟಿ ಇನ್ನೂ ಬಿಗಿಯಾಗುತ್ತದೆ. ಲಾಕ್ ತೆಗೆದಿದೆಯಾ ಮೊದಲು ನೋಡಿ. ಆಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿ, ಕಾರಿನ ಒಳಗೆ ಬಿಸಿ ಹಾಕಿ ಸ್ವಲ್ಪ ಕಾಯಿರಿ. ಹೊರಗೆ ಚಾರ್ಜ್ ಮಾಡುವಾಗ ಪ್ಲಗ್ಗಿನ ಮೇಲೆ ಹಿಮ ಕೂರದ ಹಾಗೆ ಒಂದು ಮರೆ ಇದ್ದರೆ ಈ ಪೀಕಲಾಟವೇ ಇರುವುದಿಲ್ಲ.

5. ಹಿಮ ಪೂರ್ತಿ ತೆಗೆಯಿರಿ

ಗಾಜಿನಲ್ಲಿ ಒಂದು ಕಿಂಡಿ ಮಾಡಿಕೊಂಡು ಹೊರಡಬೇಡಿ. ಮೇಲ್ಛಾವಣಿಯ ಹಿಮ ಬ್ರೇಕ್ ಹಾಕಿದಾಗ ಮುಂಗಾಜಿನ ಮೇಲೆ ಜಾರುತ್ತದೆ, ಇಲ್ಲವೇ ಹಿಂದಿನವರ ಮೇಲೆ ಹಾರುತ್ತದೆ. ಎಲ್‌ಇಡಿ ಹೆಡ್‌ಲೈಟ್ ಹಳೆಯ ಬಲ್ಬಿನಷ್ಟು ಬಿಸಿಯಾಗುವುದಿಲ್ಲ, ಅದರ ಮೇಲಿನ ಹಿಮ ತಾನಾಗಿ ಕರಗದು, ದಾರಿಯಲ್ಲಿ ನಿಂತಾಗಲೂ ಒರೆಸಿ. ರಾಡಾರ್ ಮತ್ತು ಕ್ಯಾಮೆರಾ ಮುಚ್ಚಿಹೋದರೆ ತಾನಾಗಿ ಬ್ರೇಕ್ ಹಾಕುವ ಸೌಲಭ್ಯಗಳು ಕೆಲಸ ನಿಲ್ಲಿಸುತ್ತವೆ. ತಾನಾಗಿ ಒಂದೇ ವೇಗ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲನ್ನಂತೂ ಜಾರುವ ರಸ್ತೆಯಲ್ಲಿ ಬಳಸಲೇಬಾರದು.

6. ರಸ್ತೆಯ ಮೇಲೆ

ಮೋಟರ್ ಸೊನ್ನೆ ವೇಗದಿಂದಲೇ ಪೂರ್ತಿ ತಿರುಗುಬಲ ಕೊಡುತ್ತದೆ. ಒಣ ರಸ್ತೆಯಲ್ಲಿ ಖುಷಿ, ಐಸ್ ಮೇಲೆ ಚಕ್ರ ಸುಮ್ನೆ ಸುತ್ತುತ್ತದೆ. ಇಕೋ ಅಥವಾ ಸ್ನೋ ಮೋಡ್ ಹಾಕಿದರೆ ಪೆಡಲ್ ಮೆತ್ತಗಾಗುತ್ತದೆ. ಸ್ಪೋರ್ಟ್ ಮೋಡ್ ಬೇಡ.

ಈಗ ರೀಜೆನ್ ವಿಷಯ. ಆಕ್ಸಿಲರೇಟರ್ ಬಿಟ್ಟಾಗ ಮೋಟರ್ ಡೈನಮೋ ಆಗಿ ಕಾರನ್ನು ನಿಧಾನ ಮಾಡುತ್ತಾ ಬ್ಯಾಟರಿಗೆ ವಿದ್ಯುತ್ ತುಂಬುವುದೇ ರೀಜೆನ್. ಚಳಿಗಾಲದಲ್ಲಿ ಇದರಿಂದ ಎರಡು ತೊಂದರೆ. ಬ್ಯಾಟರಿ ತಣ್ಣಗಿದ್ದರೆ ಅಥವಾ ಫುಲ್ ಇದ್ದರೆ ಅದು ವಿದ್ಯುತ್ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಬೆಳಿಗ್ಗೆ ಮನೆಯಿಂದ ಹೊರಟ ಕೂಡಲೇ ಕಾಲು ತೆಗೆದರೂ ಕಾರು ನಿನ್ನೆಯಷ್ಟು ನಿಧಾನವಾಗುವುದಿಲ್ಲ, ನೀವು ಅಂದುಕೊಂಡದ್ದಕ್ಕಿಂತ ಮುಂದೆ ಹೋಗಿಬಿಡುತ್ತೀರಿ. ಇನ್ನೊಂದು ಇದಕ್ಕೆ ತದ್ವಿರುದ್ಧ. ಬ್ಯಾಟರಿ ಬೆಚ್ಚಗಾಗಿ ರೀಜೆನ್ ಜೋರಾಗಿ ಬಂದರೆ ಅದು ಕೆಲವು ಚಕ್ರಗಳನ್ನು ಮಾತ್ರ ಹಿಡಿಯುತ್ತದೆ, ಐಸ್ ಮೇಲೆ ಅದೇ ಚಕ್ರಗಳು ಜಾರಬಹುದು. ತಿರುವಿನ ಮಧ್ಯೆ ಗಪ್ಪಂತ ಕಾಲು ತೆಗೆಯುವುದು ಇದಕ್ಕೇ ಅಪಾಯ. ಜಾರುವ ರಸ್ತೆಯಲ್ಲಿ "ಬಿ" ಗೇರ್ (ರೀಜೆನ್ ಹೆಚ್ಚಿಸುವ ಗೇರ್) ಅಥವಾ ಜೋರಾದ ರೀಜೆನ್ ಬಿಟ್ಟು ಕಡಿಮೆ ಮಟ್ಟದಲ್ಲಿ ಇಡಿ, ನಿಮ್ಮ ಕಾಲಿನಿಂದಲೇ ಬ್ರೇಕ್ ಹಾಕಿ. ಆಗ ನಾಲ್ಕು ಚಕ್ರಕ್ಕೂ ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ನೋಡುವ ವ್ಯವಸ್ಥೆಯ ಹಿಡಿತ ಸಿಗುತ್ತದೆ.

ಹೊರಟು ಸ್ವಲ್ಪ ದೂರ ಹೋದ ಮೇಲೆ ಹಿಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ಒಮ್ಮೆ ನಿಧಾನವಾಗಿ ಬ್ರೇಕ್ ಒತ್ತಿ ನೋಡಿ. ಇವತ್ತಿನ ಹಿಡಿತ ಎಷ್ಟು ಎಂದು ಅಲ್ಲೇ ಗೊತ್ತಾಗುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಜಾಸ್ತಿ ಹುಷಾರಾಗಿರಿ, ಯಾಕೆಂದರೆ ನೀರು ಜಿನುಗುವ ಐಸ್ ಗಟ್ಟಿ ಒಣ ಐಸ್‌ಗಿಂತ ಜಾರುತ್ತದೆ. ಸೇತುವೆಗಳು ಉಳಿದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ.

7. ದೂರದ ಪ್ರಯಾಣಕ್ಕೆ ಲೆಕ್ಕ ತಿರುಗಿಸಿ

ಬೇಸಿಗೆಯಲ್ಲಿ ಮೊದಲು ಬ್ಯಾಟರಿ ಖಾಲಿ ಮಾಡಿ ಆಮೇಲೆ ಎಂಜಿನ್ ಅನ್ನುವುದು ಅಭ್ಯಾಸ. ಚಳಿಗಾಲದ ದೂರದ ದಾರಿಗೆ ನಾನು ಇದನ್ನು ತಿರುಗಿಸಿ ಹಾಕಲು ಹೇಳುತ್ತೇನೆ. ಹೇಗೂ ಎಂಜಿನ್ ಓಡಲೇಬೇಕು ಎಂದಾದರೆ ಮೊದಲೇ ಓಡಲಿ. ಹೆದ್ದಾರಿಯಲ್ಲಿ ಅದರ ಬಿಸಿ ಪುಕ್ಕಟೆಯಾಗಿ ಒಳಗೆ ಬರುತ್ತದೆ. ಬ್ಯಾಟರಿಯನ್ನು "ಸೇವ್" ಅಥವಾ "ಹೋಲ್ಡ್" ಬಟನ್‌ನಲ್ಲಿ ಉಳಿಸಿಟ್ಟುಕೊಂಡು ಕೊನೆಗೆ ಊರೊಳಗಿನ ನಿಧಾನದ ಓಡಾಟಕ್ಕೆ ಬಳಸಿ. ಅಷ್ಟರಲ್ಲಿ ಕಾರು ಬೆಚ್ಚಗಿರುತ್ತದೆ, ಹೀಟರ್ ಹೊರೆಯೂ ಕಡಿಮೆ. ಆಫೀಸು, ಅಂಗಡಿಯಂಥ ಚಿಕ್ಕ ಓಡಾಟಕ್ಕೆ ಇದು ಬೇಡ, ಅಲ್ಲಿ ಪ್ರೀಕಂಡಿಷನಿಂಗ್ ಮಾಡಿ ಬ್ಯಾಟರಿಯಲ್ಲೇ ಹೋಗಿ.

ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಪೆಟ್ರೋಲ್ ಜಾಸ್ತಿ ಬೇಕಾಗುವುದಿಲ್ಲ ಎಂದು ತಳದಲ್ಲೇ ಇಟ್ಟುಕೊಂಡು ಓಡಾಡುವುದು ಪ್ಲಗ್-ಇನ್ ಇರುವವರ ಅಭ್ಯಾಸ. ಹಿಮಪಾತದಲ್ಲಿ ರಸ್ತೆ ಬಂದ್ ಆಗಿ ರಾತ್ರಿ ಕಳೆಯಬೇಕಾಗಿ ಬಂದರೆ ನಿಮ್ಮನ್ನು ಬೆಚ್ಚಗಿಡುವುದು ಆ ಪೆಟ್ರೋಲೇ.

8. ಸಿಕ್ಕಿಹಾಕಿಕೊಂಡರೆ

ಹಿಮದಲ್ಲಿ ಹೂತರೆ ಚಕ್ರ ಜೋರಾಗಿ ತಿರುಗಿಸಬೇಡಿ, ಕೆಳಗಿನ ಹಿಮ ಕರಗಿ ಐಸ್ ಆಗುತ್ತದೆ. ಸಲಿಕೆಯಿಂದ ಚಕ್ರದ ಮುಂದೆ ಹಿಂದೆ ಬಿಡಿಸಿ, ಮರಳು ಹಾಕಿ. ಚಕ್ರ ಸ್ವಲ್ಪವೂ ತಿರುಗದಂತೆ ಟ್ರ್ಯಾಕ್ಷನ್ ಕಂಟ್ರೋಲ್ ತಡೆಯುತ್ತಿದ್ದರೆ, ಅಂದರೆ ಚಕ್ರ ಜಾರಿದೊಡನೆ ಶಕ್ತಿ ಕಡಿಮೆ ಮಾಡುವ ವ್ಯವಸ್ಥೆ, ಅದನ್ನು ಆಗ ಮಾತ್ರ ಆಫ್ ಮಾಡಿ, ಹೊರಬಂದ ಕೂಡಲೇ ಆನ್ ಮಾಡಿ.

ಕಾದು ಕೂರಬೇಕಾದರೆ ಮೊದಲು ಇಳಿದು ಸೈಲೆನ್ಸರ್ ಪೈಪಿನ ಸುತ್ತ ಹಿಮ ತೆಗೆಯಿರಿ. ಹಿಮ ಬೀಳುತ್ತಲೇ ಇದ್ದರೆ ಮತ್ತೆ ಮತ್ತೆ ತೆಗೆಯಿರಿ. ಕಾರು ಸದ್ದಿಲ್ಲದೆ ಬ್ಯಾಟರಿಯಲ್ಲಿ ಇದೆ ಎಂದು ನೀವು ನಿದ್ದೆ ಹೋದಾಗ ಎಂಜಿನ್ ಎದ್ದು, ಪೈಪ್ ಮುಚ್ಚಿದ್ದರೆ, ವಿಷಗಾಳಿ ಒಳಗೆ ಬರುತ್ತದೆ. ಒಂದು ಕಿಟಕಿಯನ್ನು ಬೆರಳಗಲ ಇಳಿಸಿ.

ಎಳೆದುಕೊಂಡು ಹೋಗಲು ಗಾಡಿ ಕರೆಸಿದರೆ ಇದು ಪ್ಲಗ್-ಇನ್ ಹೈಬ್ರಿಡ್ ಎಂದು ಫೋನಿನಲ್ಲೇ ಹೇಳಿ, ಇಡೀ ಕಾರನ್ನು ಮೇಲೆ ಹತ್ತಿಸಿಕೊಳ್ಳುವ ಲಾರಿಯನ್ನೇ ಕೇಳಿ. ಮೋಟರ್‌ಗೆ ಜೋಡಿಸಿದ ಚಕ್ರಗಳು ನೆಲದ ಮೇಲೆ ಉರುಳಿದರೆ ಮೋಟರ್ ವಿದ್ಯುತ್ ಹುಟ್ಟಿಸಿ ಹಾನಿಯಾಗಬಹುದು.

9. ಮರೆತುಹೋಗುವ ಮೂರು ಕೆಲಸ

ದೊಡ್ಡ ಬ್ಯಾಟರಿ ಫುಲ್ ಇದ್ದರೂ ಕಾರು ಆನ್ ಆಗದೇ ಇರಬಹುದು. ಕಾರಿನ ಕಂಪ್ಯೂಟರ್‌ಗಳನ್ನು ಎಬ್ಬಿಸುವುದು ಒಂದು ಸಣ್ಣ 12 ವೋಲ್ಟ್ ಬ್ಯಾಟರಿ. ಚಳಿಯಲ್ಲಿ ಸೋಲುವುದು ಅದೇ. ನಾಲ್ಕೈದು ವರ್ಷ ಹಳೆಯದಾಗಿದ್ದರೆ ಚಳಿಗೆ ಮುಂಚೆ ಪರೀಕ್ಷೆ ಮಾಡಿಸಿ. ಜಂಪ್ ಕೊಡುವ ಜಾಗ ಎಲ್ಲಿದೆ ಎಂದು ಈಗಲೇ ನೋಡಿಟ್ಟುಕೊಳ್ಳಿ, ಬಹಳ ಕಾರುಗಳಲ್ಲಿ ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇರುತ್ತದೆ. ನಿಮ್ಮ ಕಾರಿನಿಂದ ಬೇರೆಯವರ ಕಾರಿಗೆ ಜಂಪ್ ಕೊಡುವುದನ್ನು ಮ್ಯಾನುಯಲ್ ಒಪ್ಪಿದರೆ ಮಾತ್ರ ಮಾಡಿ. ಕಿತ್ತಳೆ ಬಣ್ಣದ ವೈರ್‌ಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ, ಅವು ಹೈ ವೋಲ್ಟೇಜ್.

ಎಂಜಿನ್ ಆಯಿಲ್ ವಿಷಯ ಜನರಿಗೆ ಗೊತ್ತೇ ಇರುವುದಿಲ್ಲ. ಚಳಿಯಲ್ಲಿ ಎಂಜಿನ್ ಎರಡು ನಿಮಿಷ ಏಳುವುದು, ಬಿಸಿಯಾಗುವ ಮುಂಚೆಯೇ ನಿಲ್ಲುವುದು, ಇದೇ ನಡೆಯುತ್ತಿದ್ದರೆ ನೀರಿನಂಶವೂ ಉರಿಯದ ಪೆಟ್ರೋಲೂ ಆಯಿಲ್‌ನಲ್ಲಿ ಸೇರಿಕೊಳ್ಳುತ್ತವೆ. ಆಗಾಗ ಒಮ್ಮೆ, ಅರ್ಧ ಗಂಟೆಯಾದರೂ, ಎಂಜಿನ್ನಿನಲ್ಲೇ ಹೆದ್ದಾರಿಯಲ್ಲಿ ಓಡಿಸಿ. ಆಯಿಲ್ ಪೂರ್ತಿ ಬಿಸಿಯಾದರೆ ಆ ನೀರೂ ಪೆಟ್ರೋಲೂ ಆವಿಯಾಗಿ ಹೋಗುತ್ತವೆ. ಎಂಜಿನ್ ಕಿಲೋಮೀಟರ್ ಕಡಿಮೆ ಓಡಿದೆ ಎಂದು ಆಯಿಲ್ ಬದಲಿಸುವುದನ್ನು ಮುಂದೂಡಬೇಡಿ, ತಿಂಗಳ ಲೆಕ್ಕವನ್ನೇ ಪಾಲಿಸಿ.

ಇನ್ನು ಬ್ರೇಕ್. ರೀಜೆನ್ ಇರುವುದರಿಂದ ಬ್ರೇಕ್ ಡಿಸ್ಕ್‌ಗೆ ಕೆಲಸ ಕಡಿಮೆ, ರಸ್ತೆಗೆ ಹಾಕುವ ಉಪ್ಪು ಅಲ್ಲೇ ಕೂತು ತುಕ್ಕು ಹಿಡಿಸುತ್ತದೆ. ವಾರಕ್ಕೊಮ್ಮೆ ಒಣ ರಸ್ತೆಯಲ್ಲಿ ನಾಲ್ಕೈದು ಸಲ ಸ್ವಲ್ಪ ಗಟ್ಟಿಯಾಗಿ ಬ್ರೇಕ್ ಹಾಕಿ. ಬ್ಯಾಟರಿ ಫುಲ್ ಇರುವಾಗ, ಅಥವಾ ನ್ಯೂಟ್ರಲ್‌ನಲ್ಲಿ ಮೆಲ್ಲಗೆ ಹಾಕಿದರೆ, ರೀಜೆನ್ ಅಡ್ಡ ಬರದೆ ಡಿಸ್ಕೇ ಕೆಲಸ ಮಾಡುತ್ತದೆ. ಚಳಿ ಬಿಟ್ಟ ದಿನ ಕಾರಿನ ತಳವನ್ನು ನೀರಿನಿಂದ ತೊಳೆಸಿ, ಪ್ರೆಷರ್ ನೀರು ಚಾರ್ಜಿಂಗ್ ಬಾಗಿಲಿಗೆ ನೇರವಾಗಿ ಹೊಡೆಯದಂತೆ ಹೇಳಿ, ಮನೆಗೆ ಬಂದ ಮೇಲೆ ಬಾಗಿಲುಗಳ ರಬ್ಬರನ್ನೂ ಚಾರ್ಜಿಂಗ್ ಬಾಗಿಲಿನ ಅಂಚನ್ನೂ ಒಣ ಬಟ್ಟೆಯಿಂದ ಒರೆಸಿಬಿಡಿ, ಇಲ್ಲದಿದ್ದರೆ ರಾತ್ರಿ ಅವು ಹೆಪ್ಪುಗಟ್ಟಿ ಅಂಟಿಕೊಳ್ಳುತ್ತವೆ.